ಬೀಳುವ ಕೆಲಸದ ಗುತ್ಯಪ್ಪ

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು ಅನ್ನುತ್ತಾರೆ. ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು? ಊರಿನವರೆಲ್ಲ ‘ಬೀಳೋ ಗುತ್ಯ’ ಎಂದು ಕರೆದು ಮುಗಿಸಿಬಿಟ್ಟಿದ್ದಾರೆ. ನಾನು ಸರಿಯಾಗಿಯೇ ಹೇಳುತ್ತೇನೆ: ಗುತ್ಯಪ್ಪ. ಸೊರಬದ ಕಡೆ, ಕ್ಯಾಸನೂರು ಕಾಡಿನ ಅಂಚಿನಿಂದ ಕೂಲಿಗೆಂದು ಇಲ್ಲಿಗೆ ಬಂದವರು. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ್ದರಿಂದ ಆ ಹೆಸರು. ನಾನು ಹುಚ್ಚಮ್ಮ, ಇಲ್ಲೇ ಶಿಕಾರಿಪುರದವಳು. ಹೆಸರಿಗೆ ತಕ್ಕಂತೆ ಬಾಯಿ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ, ಅವರ ಬಾಯಿಗೆ ನಾನೇನು ಬೀಗ ಹಾಕಲೆ.

ನಮ್ಮವರ ಕೆಲಸ ಬೀಳುವುದು. ಕಮ್ಮಾರ ಕಬ್ಬಿಣ ಬಡಿಯುತ್ತಾನೆ, ಕುಂಬಾರ ಮಣ್ಣು ತುಳಿಯುತ್ತಾನೆ, ನಮ್ಮವರು ವೀರಬಸಪ್ಪ ಗೌಡರ ಗರಡಿಯಲ್ಲಿ ಬೀಳುತ್ತಿದ್ದರು. ಗೌಡರ ಒಬ್ಬನೇ ಮಗ ಮಲ್ಲೇಶಪ್ಪ ಇವರನ್ನು ಹಿಡಿದು ಎಸೆಯಬೇಕು, ಇವರು ಬೀಳಬೇಕು. ಎದ್ದು ಮಣ್ಣು ಕೊಡವಿಕೊಂಡು ಮತ್ತೆ ಎದುರಿಗೆ ನಿಲ್ಲಬೇಕು, ಮತ್ತೆ ಬೀಳಬೇಕು. ಬೆಳಗಾದರೆ ಇದೇ ಕೆಲಸ. ಬಿಸಿಲೇರಿದ ಮೇಲೆ ಗದ್ದೆ.

ಮದುವೆ ಮಾತಾಗುವಾಗ ಹುಡುಗ ಗರಡಿಯಲ್ಲಿ ಸಾಮು ಮಾಡುತ್ತಾನೆ ಎಂದಷ್ಟೇ ಅಪ್ಪನಿಗೆ ಯಾರೋ ಹೇಳಿದ್ದರು. ಅಪ್ಪ ಹಿಗ್ಗಿ ಹೀರೇಕಾಯಿಯಾದ. ನಾನೂ ಏನು ಕಡಿಮೆ ಹಿಗ್ಗಿರಲಿಲ್ಲ. ಹೊಸದರಲ್ಲಿ ಒಂದು ದಿನ ಅವರ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಕೇಳಿದೆ:

“ಈವರೆಗೆ ಎಷ್ಟು ಜನರನ್ನ ಕೆಡವೀರಿ?”

“ಒಬ್ಬನ್ನೂ ಇಲ್ಲ.”

“ಮತ್ತೆ ಗರಡಿಗೆ ಯಾಕೆ ಹೋಗ್ತೀರಿ?”

“ಬೀಳಾಕೆ.”

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. “ಬೀಳೋದೂ ಒಂದು ವಿದ್ಯೆ ಮಾರಾಯ್ತಿ” ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಗಾದೆ ಇದೆಯಲ್ಲ. ನನ್ನ ಗಂಡನ ಮೀಸೆಯಿಂದ ದಿನಾ ನಾನು ತೊಳೆದದ್ದು ಮಣ್ಣೇ. ಆ ದಿನ ನನಗೆ ಬಂದ ಸಿಟ್ಟಿಗೆ ಎಣ್ಣೆಯ ಬಟ್ಟಲನ್ನು ಅಲ್ಲೇ ಕುಕ್ಕಿ ಒಳಗೆ ಹೋದೆ. ಸಂಜೆಯ ಹೊತ್ತಿಗೆ ಸಿಟ್ಟು ಇಳಿದು ಅಳು ಬಂತು.

ಆ ವಿದ್ಯೆ ನಮ್ಮ ಊರಿನದಲ್ಲ. ಗರಡಿಯ ಉಸ್ತಾದ ಚಿಕ್ಕಬೀರಪ್ಪ ತಂದದ್ದು. ಚಿಕ್ಕಬೀರಪ್ಪ ಬೆಳಗಾವಿಯಲ್ಲಿ ಪಲ್ಟನ್ನಿಗೆ ಸೇರಿದವನು. ದೊಡ್ಡ ಯುದ್ಧ ಮುಗಿದ ಮೇಲೆ ಅವನ ಪಲ್ಟನ್ನನ್ನು ಜಪಾನಿಗೆ ಕಾವಲಿಗೆಂದು ಹಡಗಿನಲ್ಲಿ ಕಳಿಸಿದರಂತೆ. ಅಲ್ಲಿ ಅವರ ಅಡುಗೆ ಮನೆಗೆ ಸೌದೆ ಒಡೆಯಲು ಒಬ್ಬ ಮುದುಕ ಬರುತ್ತಿದ್ದ. ಓಕಿನಾವಾ ಎಂಬ ನಡುಗಡ್ಡೆಯವನು, ಯುದ್ಧದಲ್ಲಿ ಊರು ಮನೆ ಎಲ್ಲ ಕಳೆದುಕೊಂಡವನು. ಗೇಣುದ್ದದ ಆಳು. ಅವನನ್ನು ಒಬ್ಬ ಸಿಪಾಯಿ ಕೆಣಕಲು ಹೋಗಿ, ಕೈ ಹಿಡಿದದ್ದೊಂದೇ ಗೊತ್ತು, ಸೌದೆ ರಾಶಿಯ ಮೇಲೆ ಅಂಗಾತ ಬಿದ್ದಿದ್ದನಂತೆ. ಆ ಊರಲ್ಲಿ ಅದಕ್ಕೆ ಕರಾಟೆ ಅನ್ನುತ್ತಾರೆ. ಹೊಡೆಯುವುದು ಒದೆಯುವುದು ಮೇಲಕ್ಕೆ ಕಾಣುವಂಥದ್ದು, ಹಿಡಿದು ಎಸೆಯುವ ಪಟ್ಟುಗಳು ಅದರ ಒಳಗೇ ಅಡಗಿರುತ್ತವೆ ಎಂದು ಚಿಕ್ಕಬೀರಪ್ಪ ಹೇಳುತ್ತಿದ್ದ. ಅವನು ಮುದುಕನಿಗೆ ತನ್ನ ಪಾಲಿನ ಸಕ್ಕರೆ ಕೊಟ್ಟು, ಕೈಸನ್ನೆ ಬಾಯಿಸನ್ನೆಯಲ್ಲೇ ಕೆಲವು ಪಟ್ಟು ಕಲಿತು ಬಂದ. ಕುಸ್ತಿಯಲ್ಲಿ ಹೊಡೆಯುವ ಹಾಗಿಲ್ಲ, ಎಸೆಯಬಹುದು. ಹಾಗಾಗಿ ಎಸೆತ ಮಾತ್ರ ಇಟ್ಟುಕೊಂಡ.

ಎಲ್ಲಕ್ಕಿಂತ ದೊಡ್ಡದು ‘ಹೇರು ಪಟ್ಟು’. ಎದುರಾಳಿಯ ಮುಂಗೈ ಒಂದು ಕೈಯಲ್ಲಿ, ಕತ್ತು ಇನ್ನೊಂದು ಕೈಯಲ್ಲಿ. ಎಳೆಯುತ್ತಲೇ ತಿರುಗಿ ಸೊಂಟವನ್ನು ಅವನ ಹೊಟ್ಟೆಯ ಕೆಳಗೆ ತೂರಿಸಬೇಕು. ಮೂಟೆ ಹೇರಿಕೊಂಡ ಹಾಗೆ ಹೇರಿಕೊಂಡು ಬಗ್ಗಿದರೆ ಅವನು ಮೇಲಿಂದ ಹಾದು ಮುಂದಕ್ಕೆ ಬೀಳುತ್ತಾನೆ. ಬೀಳುವವನು ಗಲ್ಲವನ್ನು ಎದೆಗೆ ಒತ್ತಿಕೊಂಡು, ನೆಲ ಮುಟ್ಟುವ ಗಳಿಗೆಗೆ ಸರಿಯಾಗಿ ಅಂಗೈಯಿಂದ ಮಣ್ಣಿಗೆ ಫಟ್ಟನೆ ಬಡಿಯಬೇಕು. ಆಗ ಪೆಟ್ಟು ಕೈಗೆ ಹೋಗುತ್ತದೆ, ಬೆನ್ನು ಕತ್ತು ಉಳಿಯುತ್ತವೆ. ಇದನ್ನು ನಮ್ಮವರಷ್ಟು ಚೆನ್ನಾಗಿ ಕಲಿತವರು ಯಾರೂ ಇಲ್ಲ. ಗರಡಿಯ ಕಣದ ಕೆಮ್ಮಣ್ಣಿಗೆ ಕಲಸಲು ಮಜ್ಜಿಗೆ ಅರಿಸಿನ ಹೊತ್ತು ನಾನು ಬಾಗಿಲವರೆಗೆ ಹೋಗುತ್ತಿದ್ದೆ. ಹೆಂಗಸರು ಹೊಸ್ತಿಲು ದಾಟುವ ಹಾಗಿಲ್ಲ. ಬಾಗಿಲಿಂದಲೇ ನೋಡುತ್ತಿದ್ದೆ. ಹುಡುಗ ಎಳೆಯುವ ಮೊದಲೇ ಇವರ ಹಿಮ್ಮಡಿ ನೆಲ ಬಿಟ್ಟಿರುತ್ತಿತ್ತು. ಹಾರಿ, ತಿರುಗಿ, ಫಟ್. ನೋಡುವವರು ಮಲ್ಲೇಶಪ್ಪನ ಭುಜ ತಟ್ಟುತ್ತಿದ್ದರು.

ಮುದುಕ ಕಲಿಸಿದ ಪಾಠ ಎರಡು ಭಾಗ. ಮೊದಲು ಬೀಳುವವನ ಜೊತೆ ಕಲಿಯಬೇಕು, ಆಮೇಲೆ ಬೀಳದವನ ಜೊತೆ ಕಲಿಯಬೇಕು. ಚಿಕ್ಕಬೀರಪ್ಪ ಎರಡನೆಯದನ್ನೂ ಶುರು ಮಾಡಿದ್ದ. ನಮ್ಮವರಿಗೆ, ಈಗ ಗಟ್ಟಿಯಾಗಿ ನಿಲ್ಲು ಎಂದ. ನಿಂತರು. ಮಲ್ಲೇಶಪ್ಪ ಎಳೆದ, ಜಗ್ಗಿದ, ಮುಖ ಕೆಂಪಗಾಯಿತು, ಇವರು ಕದಲಲಿಲ್ಲ. ಕಲ್ಲು ಬೆಂಚಿನ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ವೀರಬಸಪ್ಪ ಗೌಡರು ಎದ್ದು ಬಂದರು.

“ಗುತ್ಯಾ, ನಿಲ್ಲಾಕೆ ಗದ್ದೆ ಐತೆ. ಇಲ್ಲಿ ಬೀಳು” ಎಂದರು.

ಅಷ್ಟೇ. ಗೌಡರ ಉಂಬಳಿ ಉಣ್ಣುವ ಉಸ್ತಾದ ಬಾಯಿ ಮುಚ್ಚಿಕೊಂಡ. ಗೇಣಿದಾರ ನಿಂತು, ಒಡೆಯನ ಮಗ ಬೆವರುವುದೆಂದರೆ ಏನು ಮರ್ಯಾದೆ ಎಂದು ಊರೂ ತಲೆಯಾಡಿಸಿತು. ಅಂದಿನಿಂದ ನಮ್ಮ ಗರಡಿಯಲ್ಲಿ ಅರ್ಧ ಪಾಠವೇ ಪೂರ್ತಿ ಪಾಠವಾಯಿತು.

ಗದ್ದೆ ಎಂದೆನಲ್ಲ, ಅದು ಅಂಜನಾಪುರದ ಕಾಲುವೆ ನೀರಿನ ಗದ್ದೆ. ಗೌಡರದೇ. ನನ್ನ ಅಪ್ಪ ಗೇಣಿಗೆ ಹಿಡಿದು, ಕಲ್ಲು ಕಿತ್ತು, ತಗ್ಗು ದಿಬ್ಬ ಮಟ್ಟ ಮಾಡಿ, ಅಲ್ಲೇ ಬದುವಿನ ಮೇಲೆ ಪ್ರಾಣ ಬಿಟ್ಟ. ಅಪ್ಪ ಸತ್ತ ಮೇಲೆ ಗೌಡರು, ಗರಡಿಗೆ ಬರೋನಿಗೇ ಗದ್ದೆ ಎಂದು ಅಳಿಯನಿಗೆ ಕೊಟ್ಟರು. ಆಗ ಅದನ್ನು ನಾವು ದೊಡ್ಡ ಉಪಕಾರ ಎಂದುಕೊಂಡೆವು. ನಾನೇ ಅವರ ಮನೆಗೆ ಹೋಗಿ ಕೈ ಮುಗಿದು ಬಂದಿದ್ದೆ.

ಗೌಡರಿಗೆ ಇದ್ದದ್ದು ಒಂದೇ ಹಂಬಲ. ಸುಗ್ಗಿ ಮುಗಿದ ಮೇಲೆ ಸೊರಬದಲ್ಲಿ ಕೊಯ್ಲಾದ ಬಯಲಲ್ಲಿ ಕುಸ್ತಿ ನಡೆಯುತ್ತದೆ. ಗೆದ್ದವನಿಗೆ ಬೆಳ್ಳಿ ಕಡಗ. ಆ ಕಡಗ ಮಗನ ಕೈಯಲ್ಲಿ ನೋಡಬೇಕು. ಮಲ್ಲೇಶಪ್ಪ ಮೊದಲ ಸಲ ಹೋದಾಗ ಇಡೀ ಬೀದಿ ಗಾಡಿ ಕಟ್ಟಿಕೊಂಡು ಹೋಯಿತು. ಅಲ್ಲಿ ಅವನು ಸೊರಬದ ಒಬ್ಬ ಕಟ್ಟಾಳಿಗೆ ಹೇರು ಪಟ್ಟು ಹಾಕಿದ. ಆ ಆಳು ಹಾರಲಿಲ್ಲ. ಯಾಕೆ ಹಾರುತ್ತಾನೆ, ಅವನೇನು ಗೌಡರ ಗೇಣಿದಾರನೇ? ಬೇರು ಬಿಟ್ಟವನ ಹಾಗೆ ನಿಂತ. ಮಲ್ಲೇಶಪ್ಪ ತಿರುಗಿ ಬೆನ್ನು ಕೊಟ್ಟಿದ್ದ, ಆ ಆಳು ಅವನನ್ನು ಹಾಗೆಯೇ ಹಿಂದಿನಿಂದ ಎತ್ತಿ ಅಂಗಾತ ಮಲಗಿಸಿಬಿಟ್ಟ.

ವಾಪಸು ಬಂದ ಮೇಲೆ ಗೌಡರು ತೀರ್ಮಾನ ಕೊಟ್ಟರು: ಅಭ್ಯಾಸ ಸಾಲದು. ಬೆಳಗ್ಗೆಯ ಜೊತೆಗೆ ಸಂಜೆಯೂ ಬೀಳಬೇಕು. ಮರುವರ್ಷವೂ ಸೋತ. ಆಗಲೂ ಅದೇ ಮಾತು, ಅಭ್ಯಾಸ ಸಾಲದು. ಹುಡುಗ ಸೋತಷ್ಟೂ ನನ್ನ ಗಂಡ ಹೆಚ್ಚು ಬೀಳುವುದು, ಇವರು ಚೆನ್ನಾಗಿ ಬಿದ್ದಷ್ಟೂ ಹುಡುಗ ಮತ್ತೆ ಸೋಲುವುದು. ಗಾಣದ ಎತ್ತಿಗಾದರೂ ಎಣ್ಣೆ ಬಂದ ಮೇಲೆ ಬಿಡುಗಡೆ ಇರುತ್ತದೆ.

ಎರಡನೆಯ ಸೋಲಿನ ಬೇಸಿಗೆ. ಐವತ್ತೇಳನೆಯ ಇಸವಿ. ಊಟಕ್ಕೆ ಕೂತಾಗ ನಮ್ಮವರ ಬಲಗೈಯಿಂದ ಮುದ್ದೆ ಜಾರಿ ತಟ್ಟೆಗೆ ಬಿತ್ತು. ಮತ್ತೆ ಹಿಡಿದರು, ಮತ್ತೆ ಜಾರಿತು. ಬೆರಳು ನಂದಲ್ಲ ಅನ್ನಿಸ್ತಾ ಐತೆ ಎಂದರು. ತೊಗರ್ಸಿಯಿಂದ ಎಲುಬು ಕೂರಿಸುವ ಸಣ್ಣಪ್ಪನನ್ನು ಕರೆಸಿದೆ. ಅವನು ಕತ್ತು ಸವರಿ, ಹೆಬ್ಬೆಟ್ಟು ಒತ್ತಿ ನೋಡಿ, ನನ್ನನ್ನು ಹೊರಗೆ ಕರೆದ.

“ಇನ್ನ ಬಿದ್ದದ್ದು ಸಾಕವ್ವ. ಒಂದೇ ಒಂದು ಸೊಟ್ಟ ಬಿದ್ರೆ ಮತ್ತೆ ಏಳಂಗಿಲ್ಲ.”

ನಾನೇ ಅವರ ಕೈ ಹಿಡಿದು ಗೌಡರ ಮನೆಗೆ ಹೋದೆ. ಗೌಡರು ಕೆಟ್ಟದಾಗಿ ಮಾತಾಡುವವರಲ್ಲ. ಮಜ್ಜಿಗೆ ಕೊಡಿಸಿದರು. ಎಲ್ಲ ಕೇಳಿಸಿಕೊಂಡರು.

“ನನಗೂ ಗೊತ್ತು ಹುಚ್ಚಮ್ಮ, ನೋವಿರ್ತದೆ. ಮಲ್ಲೇಶ ಸೊರಬದ ಕಡಗ ತರಲಿ. ತಂದ ದಿನ ಗುತ್ಯನಿಗೆ ಬಿಡುಗಡೆ. ವೀರಬಸಪ್ಪ ಕೊಟ್ಟ ಮಾತು.”

“ಅಲ್ಲೀವರೆಗೆ ಕತ್ತು ಉಳೀಬೇಕಲ್ರಿ.”

“ಉಳೀತದೆ. ಅವನು ಬೀಳೋದ್ರಲ್ಲಿ ಪಂಟ” ಎಂದು ನಕ್ಕರು.

ಹೊರಗೆ ಬಂದು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ನಮ್ಮವರು ನೆಲ ನೋಡುತ್ತಾ ನಡೆದರು. ಬಡವನ ಕೋಪ ದವಡೆಗೆ ಮೂಲ ಎಂದು ನನಗೆ ಬುದ್ಧಿ ಹೇಳಿದರು. ನನ್ನ ದವಡೆ ನನ್ನದು, ನೀವು ಕತ್ತು ನೋಡಿಕೊಳ್ಳಿ ಎಂದೆ.

ಹೋಗಿಬಿಡೋಣ ಎಂದೂ ಯೋಚಿಸಿದೆವು. ಎಲ್ಲಿಗೆ? ಸೊರಬದ ಕಡೆ ಅವರ ಅಣ್ಣನ ಊರಿಗೆ. ಆದರೆ ಅದೇ ಬೇಸಿಗೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮರದಿಂದ ಉದುರಿ ಸಾಯತೊಡಗಿದ್ದವು. ಸೌದೆಗೆ, ಸೊಪ್ಪಿಗೆ ಹೋದ ಜನ ಜ್ವರ ಹಿಡಿದು ಮಲಗಿದರು, ಕೆಲವರು ಹೋಗಿಯೇ ಬಿಟ್ಟರು. ಯಾವ ಜ್ವರ ಎಂದು ಯಾರಿಗೂ ತಿಳಿಯದು. ಅಣ್ಣ ಸೊರಬದ ಸಂತೆಗೆ ಬಂದವರ ಕೈಲಿ ಹೇಳಿ ಕಳಿಸಿದ: ಇತ್ತ ತಲೆ ಹಾಕಿಯೂ ಮಲಗಬೇಡಿ, ನಾವೇ ಎಲ್ಲಿಗೆ ಹೋಗೋದು ಅಂತಿದ್ದೀವಿ. ಅತ್ತ ದರಿ, ಇತ್ತ ಪುಲಿ. ಗದ್ದೆ ಬಿಟ್ಟರೆ ಹೊಟ್ಟೆಗಿಲ್ಲ, ಇಟ್ಟುಕೊಂಡರೆ ಕತ್ತು ಉಳಿಯದು.

ಒಂದು ಮಧ್ಯಾಹ್ನ ಒಕ್ಕಣೆಯ ಕಣದಲ್ಲಿ ಹುಲ್ಲು ತಿರುವುವಾಗ ನಾನು ಕೇಳಿಯೇಬಿಟ್ಟೆ:

“ನೀವು ಹಿಂಗೇ ಬೀಳ್ತಾ ಇದ್ರೆ ಆ ಹುಡುಗ ಈ ಜನ್ಮದಲ್ಲಿ ಗೆಲ್ತಾನಾ?”

“ಇಲ್ಲ.”

“ಅವನು ಗೆಲ್ದೆ ನಿಮ್ಮನ್ನ ಬಿಡ್ತಾರಾ?”

“ಇಲ್ಲ.”

“ಗೊತ್ತಿದ್ದೂ ಬೀಳ್ತೀರಲ್ಲ, ನಿಲ್ಲಾಕೆ ಏನು ಧಾಡಿ?”

“ನಿಂತ್ರೆ ಗದ್ದೆ ಹೋಗ್ತದೆ ಮಾರಾಯ್ತಿ.”

ಏನನ್ನಿಸಿತೋ, ಬಾ ಇಲ್ಲಿ, ನಿಲ್ಲೋದು ಹೇಗೆ ತೋರಿಸ್ತೀನಿ ಎಂದರು. ಮಂಡಿ ಸಡಿಲ ಬಿಡಬೇಕು. ಭಾರವೆಲ್ಲ ಹಿಮ್ಮಡಿಗೆ ಇಳಿಸಬೇಕು. ಎಳೆದವನ ಕಣ್ಣು ನೋಡಬಾರದು, ಅವನ ಹೊಕ್ಕುಳು ನೋಡಬೇಕು. ಬಲವಾಗಿ ಬಿಗಿದುಕೊಂಡವನು ಬೇಗ ಬೀಳುತ್ತಾನೆ, ಸಡಿಲ ನಿಂತವನು ನಿಲ್ಲುತ್ತಾನೆ. ನಾನು ಸೆರಗು ಸಿಕ್ಕಿಸಿ ನಿಂತೆ. ಅವರು ಎಳೆದರು, ನಾನು ಹುಲ್ಲಿನ ಮೇಲೆ ಬಿದ್ದೆ. ಮತ್ತೆ ನಿಂತೆ, ಮತ್ತೆ ಬಿದ್ದೆ. ಕೊನೆಗೊಮ್ಮೆ ಎಳೆದಾಗ ಕದಲಲಿಲ್ಲ. ಅವರು ನಕ್ಕರು. ಮೀಸೆಯ ತುಂಬ ಹುಲ್ಲಿನ ಹೊಟ್ಟು. ಮದುವೆಯಾದ ಮೇಲೆ ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕಲಿತದ್ದನ್ನು ಯಾರಿಗಾದರೂ ತೋರಿಸಬೇಕಿತ್ತು, ನನಗೆ ತೋರಿಸಿದರು.

ಮಳೆಗಾಲ ಕಳೆದು ಗೌಡರು ಯಾವುದೋ ವ್ಯಾಜ್ಯಕ್ಕೆಂದು ಶಿವಮೊಗ್ಗಕ್ಕೆ ಓಡಾಡತೊಡಗಿದರು. ಬೆಂಚು ಖಾಲಿಯಿದ್ದ ಒಂದು ಬೆಳಗ್ಗೆ ಮಲ್ಲೇಶಪ್ಪ ಹೇರು ಪಟ್ಟು ಹಾಕಿ ಬಗ್ಗಿದ. ಬೆನ್ನ ಮೇಲೆ ಯಾರೂ ಬರಲಿಲ್ಲ. ತಿರುಗಿ ನೋಡಿದರೆ ನಮ್ಮವರು ನಿಂತೇ ಇದ್ದರು.

“ಯಾಕೋ ಗುತ್ಯಣ್ಣ?”

“ಸೊರಬದೋರು ಹಿಂಗೇ ನಿಲ್ತಾರೆ ಸಣ್ಣ ಗೌಡ್ರೇ. ಇನ್ನೊಂದ್ಸಲ ಹಿಡೀರಿ.”

ಹುಡುಗ ಹಿಡಿದ, ಆಗಲಿಲ್ಲ. ಮತ್ತೆ ಹಿಡಿದ. ಮುಖಕ್ಕೆ ರಕ್ತ ನುಗ್ಗಿ ಕೈ ಎತ್ತಿದ, ಹೊಡೆಯುತ್ತಾನೆ ಎಂದುಕೊಂಡರಂತೆ. ಹೊಡೆಯಲಿಲ್ಲ. ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತ. ತಿರುಗದೆಯೇ ಕೇಳಿದ:

“ಇಷ್ಟು ವರ್ಷ ನಾನು ನಿನ್ನನ್ನ ಎಸದೇ ಇಲ್ಲೇನು?”

“ಇಲ್ರಿ.”

“ಮತ್ತೆ ಬೀಳ್ತಿದ್ದೆಯಲ್ಲ?”

“ಅದು ನಿಮ್ಮ ಪಟ್ಟಿಗಲ್ಲ, ನಿಮ್ಮಪ್ಪನ ಮಾತಿಗೆ.”

ಇದನ್ನು ಮನೆಗೆ ಬಂದು ನನಗೆ ಹೇಳಿದಾಗ ಗದ್ದೆ ಹೋಯಿತು ಎಂದೇ ಎಣಿಸಿದೆ. ಹೋಗಲಿಲ್ಲ. ಮಾರನೆಯ ದಿನ ಹುಡುಗ ಎಲ್ಲರಿಗಿಂತ ಮುಂಚೆ ಗರಡಿಗೆ ಬಂದು, ನಿಲ್ಲು ಗುತ್ಯಣ್ಣ ಎಂದನಂತೆ. ಒಳ್ಳೆಯ ಹುಡುಗ. ಸುಳ್ಳನ್ನೇ ಉಣಿಸಿ ಬೆಳೆಸಿದ್ದರು, ಅದಕ್ಕೆ ಅವನೇನು ಮಾಡಿಯಾನು.

ಅಂದಿನಿಂದ ಗರಡಿಯಲ್ಲಿ ಎರಡು ಬಗೆಯಾಯಿತು. ಗೌಡರು ಬೆಂಚಿನ ಮೇಲಿದ್ದರೆ ಬೀಳುವುದು, ಇಲ್ಲದಿದ್ದರೆ ನಿಲ್ಲುವುದು. ಚಿಕ್ಕಬೀರಪ್ಪ ಬಾಗಿಲ ಬಳಿ ಗದೆ ತಿರುಗಿಸುತ್ತಾ ಕಾವಲಿದ್ದು, ಗೌಡರ ಜೋಡಿನ ಸದ್ದಾದರೆ ಕೆಮ್ಮುತ್ತಿದ್ದ. ಕೆಮ್ಮಿದ ಕೂಡಲೇ ನಮ್ಮವರು ಹಾರುತ್ತಿದ್ದರು. ನಿಂತ ದಿನ ಕತ್ತಿಗೆ ನೋವಿಲ್ಲ, ಯಾಕೆಂದರೆ ಹುಡುಗನಿಗೆ ಎತ್ತಲು ಆಗುತ್ತಿರಲಿಲ್ಲ. ಆದರೆ ದಿನ ಕಳೆದಂತೆ ಅವನ ಸೊಂಟ ಕೆಳಗಿಳಿಯಿತು, ಎಳೆತದಲ್ಲಿ ಅವಸರ ಹೋಯಿತು. ಹಿಮ್ಮಡಿ ಒಂದು ಚೂರು ಎದ್ದಿತ್ತು ಕಣೇ ಇವತ್ತು ಎಂದು ಅವರು ಹಿಗ್ಗಿನಿಂದ ಹೇಳಿದರು. ಗೆಲ್ಲುತ್ತಾನೆ, ಈ ಸಲ ಗೆಲ್ಲುತ್ತಾನೆ ಎಂದು ನಾನು ಹುಚ್ಚರಾಯಸ್ವಾಮಿಗೆ ಹಣ್ಣು ಕಾಯಿ ಹೇಳಿಕೊಂಡೆ.

ಸೊರಬಕ್ಕೆ ಹೊರಡುವ ಹಿಂದಿನ ದಿನ. ಗೌಡರು ದಾವಣಗೆರೆಯ ಬೀಗರನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದ್ದರು. ಮಗನಿಗೆ ಅವರ ಮನೆಯಿಂದ ಹೆಣ್ಣು ತರುವ ಮಾತಿತ್ತು. ನಾನು ಮಜ್ಜಿಗೆಯ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದೆ.

“ಗುತ್ಯಾ, ಬೀಗರು ನೋಡ್ಲಿ. ಚೆನ್ನಾಗಿ ಬೀಳು” ಎಂದರು ಗೌಡರು, ಎಲ್ಲರಿಗೂ ಕೇಳುವ ಹಾಗೆ.

ಮಲ್ಲೇಶಪ್ಪ ಎದುರಿಗೆ ಬಂದು ಮುಂಗೈ ಹಿಡಿದ. ಹಿಡಿದವನು ಕಿವಿಯ ಹತ್ತಿರ ಬಾಗಿ ಏನೋ ಅಂದ. ಏನಂದ ಎಂದು ನಮ್ಮವರು ಆಮೇಲೆ ಹೇಳಿದರು. “ನಿಲ್ಲು ಗುತ್ಯಣ್ಣ. ಇವತ್ತು ನಿಜವಾಗಿ ಎಸೀತೀನಿ, ಅಪ್ಪ ನೋಡ್ಲಿ.”

ಅಪ್ಪ ಬೀಳು ಅನ್ನುತ್ತಾನೆ, ಮಗ ನಿಲ್ಲು ಅನ್ನುತ್ತಾನೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಯಾವ ಕಡೆ ಜಾರಬೇಕು? ನಾನು ಬಾಗಿಲಿಂದ ನೋಡುತ್ತಿದ್ದೆ. ಅವರ ಬಲಗಾಲಿನ ಹಿಮ್ಮಡಿ ಹಾರಲು ಎದ್ದಿತ್ತು, ಎಡಗಾಲು ಮಣ್ಣಿನಲ್ಲಿ ಊರಿಕೊಂಡೇ ಇತ್ತು. ಅದೇ ಗಳಿಗೆಗೆ ಹುಡುಗನ ಸೊಂಟ ಕೆಳಗೆ ತೂರಿತು. ಅದು ನಿಜವಾದ ಎಸೆತ. ಓಕಿನಾವಾದ ಆ ಮುದುಕ ಇದ್ದಿದ್ದರೆ ತಲೆದೂಗುತ್ತಿದ್ದ. ನಮ್ಮವರು ಮೇಲೆ ಹೋದರು, ಸೊಟ್ಟಗೆ ಬಂದರು. ನಾನು ಅಂಗೈಯ ಫಟ್ಟೆನ್ನುವ ಸದ್ದಿಗೆ ಕಾದೆ. ಅದು ಬರಲೇ ಇಲ್ಲ.

ಬೀಗರು ಶಹಬ್ಬಾಸ್ ಅನ್ನುತ್ತಿದ್ದರು. ನಾನು ಕೊಡ ಬಿಟ್ಟು ಹೊಸ್ತಿಲು ದಾಟಿದೆ. ಯಾರೋ, ಹೆಂಗಸು ಒಳಗೆ ಬಂದ್ಳು ಎಂದರು. ಬಂದೆ. ಕಣದ ಮಣ್ಣಿಗೆ ಇಳಿದು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಹೋದಾಗ ಚಿಕ್ಕಬೀರಪ್ಪ ನನ್ನ ಕೈ ಹಿಡಿದು, ಕತ್ತು ಅಲುಗಿಸಬೇಡ ತಾಯಿ ಎಂದ. ಮಲ್ಲೇಶಪ್ಪ ಅಲ್ಲೇ ಮಂಡಿಯೂರಿ ಅಳುತ್ತಿದ್ದ. ಗರಡಿಯ ಬಾಗಿಲನ್ನೇ ಕಿತ್ತು ಅದರ ಮೇಲೆ ಮಲಗಿಸಿ ಹೊರಗೆ ತಂದರು.

ದೊಡ್ಡಾಸ್ಪತ್ರೆಯ ಡಾಕ್ಟರು ಜೀವಕ್ಕೆ ಭಯವಿಲ್ಲ ಎಂದರು. ಕತ್ತಿನ ಮೂಳೆ ಸೀಳಿದೆ, ಕೂತಿರಬಹುದು, ನಿಧಾನಕ್ಕೆ ನಾಲ್ಕು ಹೆಜ್ಜೆ ಇಡಬಹುದು, ಬಲಗೈ ಆಸೆ ಬಿಡಿ, ಕತ್ತು ತಿರುಗುವುದಿಲ್ಲ ಎಂದರು. ಇಷ್ಟು ವರ್ಷ ಬಿದ್ದವರು ಯಾವತ್ತೂ ಬಿದ್ದಿರಲಿಲ್ಲ, ಹಾರುತ್ತಿದ್ದರು. ಬಿದ್ದದ್ದು ಆ ಒಂದು ದಿನ.

ಮಲ್ಲೇಶಪ್ಪ ಸೊರಬಕ್ಕೆ ಹೋಗುವುದಿಲ್ಲ ಎಂದನಂತೆ. ಅಪ್ಪ ಗಾಡಿಗೆ ಹತ್ತಿಸಿದ. ಅಲ್ಲಿ ಅದೇ ಕಟ್ಟಾಳು ಬೇರು ಬಿಟ್ಟು ನಿಂತ. ಹುಡುಗ ಸೊಂಟ ಇಳಿಸಿ ಹೇರಿಕೊಂಡು, ಬಯಲಿನ ನಡುವೆ ಎಸೆದ. ಡೊಳ್ಳು ಬಡಿಸಿಕೊಂಡು ಬಂದರು. ಕಡಗ ಬಂತು.

ಗೌಡರು ಮಾತಿಗೆ ತಪ್ಪುವವರಲ್ಲ. ತೆಂಗಿನಕಾಯಿ ಹಿಡಿದು ನಮ್ಮ ಮನೆಗೆ ಬಂದರು. ಮಲಗಿದ್ದ ನಮ್ಮವರ ಪಕ್ಕ ಕೂತು ಹೇಳಿದರು:

“ಮಾತಂದ್ರೆ ಮಾತು ಗುತ್ಯಾ. ಇನ್ನ ನೀನು ಬೀಳಂಗಿಲ್ಲ.”

ಒಂದು ಗಳಿಗೆ ನನಗೆ ಅವರ ಮೇಲೆ ಗೌರವವೇ ಬಂತು ನೋಡಿ. ಎದ್ದು ಹೊರಡುವಾಗ ಹೊಸ್ತಿಲಲ್ಲಿ ನಿಂತು ನನಗೆ ಹೇಳಿದರು, “ಗದ್ದೆಗೆ ಅಂಜನಾಪುರದ ಒಬ್ಬನ್ನ ನೋಡೀನಿ. ಗರಡಿಗೂ ಆಗ್ತಾನೆ. ಮುಂಗಾರಿಗೆ ಅವನು ನೇಗಿಲು ಹೂಡ್ತಾನೆ.”

ಗರಡಿಗೆ ಬರೋನಿಗೇ ಗದ್ದೆ. ಅವರು ಮೊದಲೇ ಹೇಳಿದ್ದರು. ನಾವು ತಲೆಯಾಡಿಸಿದ್ದೆವು, ಕೈ ಮುಗಿದಿದ್ದೆವು. ನನ್ನ ಬೈಗುಳ ಎಲ್ಲ ಖಾಲಿಯಾಗಿತ್ತು.

ಮುಂಗಾರಿನ ಮೊದಲ ಹದಕ್ಕೆ ಅಂಜನಾಪುರದವನು ಎತ್ತು ಹೊಡೆದುಕೊಂಡು ಬಂದ. ನಾನು ನಸುಕಿಗೇ ಹೋಗಿ ಗದ್ದೆಯ ನಡುವೆ ನಿಂತಿದ್ದೆ. ಸರೀರಿ ಅಕ್ಕಾ ಎಂದ. ಸರಿಯಲಿಲ್ಲ. ಎತ್ತುಗಳನ್ನು ಹತ್ತಿರ ತಂದ, ಅವುಗಳ ಉಸಿರು ಮುಖಕ್ಕೆ ಬಂತು. ಪಾಪ, ಅವನೂ ಹೊಟ್ಟೆಗಿಲ್ಲದವನೇ, ಮುಂದೆ ಹೂಡಲಾರದೆ ಆಳನ್ನು ಗೌಡರ ಮನೆಗೆ ಓಡಿಸಿದ. ಗೌಡರು ಬಂದರು, ಜೊತೆಗೆ ಮಲ್ಲೇಶಪ್ಪನೂ ಬಂದ. ಬದುವಿನ ಮೇಲೆ ಜನ ಸೇರಿದರು.

“ಏನಿದು ಹುಚ್ಚಮ್ಮ?”

“ನಿಲ್ಲಾಕೆ ಗದ್ದೆ ಐತೆ ಅಂದಿದ್ರಲ್ಲ ಗೌಡ್ರೇ. ನಿಂತೀನಿ.”

ಗೌಡರ ಮುಖ ನೋಡಲಿಲ್ಲ. ಹೊಕ್ಕುಳು ನೋಡಿದೆ. ಮಂಡಿ ಸಡಿಲ ಬಿಟ್ಟೆ, ಭಾರ ಹಿಮ್ಮಡಿಗೆ ಇಳಿಸಿದೆ.

“ಮಲ್ಲೇಶಾ, ಇವಳನ್ನ ಈಚೆಗೆ ತೆಗಿ” ಎಂದರು ಗೌಡರು.

ಮಲ್ಲೇಶಪ್ಪ ಕೆಸರಿಗೆ ಇಳಿದ. ಕೈಯಲ್ಲಿ ಬೆಳ್ಳಿ ಕಡಗ. ನನ್ನ ಎದುರಿಗೆ ಬಂದು ನಿಂತು ನನ್ನ ಪಾದ ನೋಡಿದ. ಯಾರು ಕಲಿಸಿದ ನಿಲುವು ಎಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ, ಎಷ್ಟು ತಿಂಗಳು ಅದರೊಡನೆ ಗುದ್ದಾಡಿದ್ದಾನೆ. ಹಾಗೆಯೇ ತಿರುಗಿ ಹೋಗಿ ಎತ್ತಿನ ಕೊರಳಿನ ನೊಗ ಕಳಚಿದ.

“ಆಗಲ್ಲಪ್ಪ” ಎಂದ.

“ಏನು ಆಗಲ್ಲ?”

“ಅವರು ಬೀಳೋರಲ್ಲ. ಎಳದು ನೋಡಾಕೂ ನನ್ನ ಕೈಲಿ ಆಗಲ್ಲ.”

ಗೌಡರು ಜನರ ಕಡೆ ನೋಡಿದರು. ಯಾರೂ ತಲೆಯಾಡಿಸಲಿಲ್ಲ. ಕೊಡೆ ಊರಿಕೊಂಡು ಹೊರಟುಹೋದರು.

ಗೆದ್ದೆ ಎಂದುಕೊಳ್ಳಬೇಡಿ. ಗೌಡರು ಗದ್ದೆ ನಿನ್ನದು ಎಂದೂ ಹೇಳಿಲ್ಲ, ಬಿಡು ಎಂದೂ ಹೇಳಿಲ್ಲ. ಒಂದು ದಿನ ನಾನು ಕಾಣಿಸದಿದ್ದರೆ ಬೇರೆ ಎತ್ತು ಇಳಿಯುತ್ತದೆ. ಮಲ್ಲೇಶಪ್ಪ ಮದುವೆಯಾಗಿ ಅಪ್ಪನ ಜೊತೆಗೇ ಇದ್ದಾನೆ, ಅವನು ಎಷ್ಟು ದಿನ ನಿಂತಾನು. ಹಾಗಾಗಿ ಜಾತ್ರೆಗೆ ಹೋಗಲಿಲ್ಲ, ನಂಟರ ಮದುವೆಗೆ ಹೋಗಲಿಲ್ಲ, ಜ್ವರ ಬಂದರೂ ಬದುವಿನ ಮೇಲೆ ಕಂಬಳಿ ಹೊದ್ದು ಕೂತೆ. ನ್ಯಾಯವಾಗಿ ಹೇಳಬೇಕೆಂದರೆ ಅವರು ಬಿದ್ದು ಸಿಕ್ಕಿಹಾಕಿಕೊಂಡರು, ನಾನು ನಿಂತು ಸಿಕ್ಕಿಹಾಕಿಕೊಂಡೆ. ಒಂದು ಬೆಳೆ ಮನೆಗೆ ಬಂದಿದೆ. ಇನ್ನೊಂದು ಪೈರು ಗದ್ದೆಯಲ್ಲಿದೆ.

ಸಂಜೆ ಮನೆಗೆ ಬಂದರೆ ಅವರು ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತಿರುತ್ತಾರೆ. ನಾನು ಹಿತ್ತಲಿಂದ ಬರುತ್ತೇನೆ, ತಿರುಗಿ ನೋಡಲಾರರು. ಹೆಜ್ಜೆ ಕೇಳಿಯೇ ಮಾತಾಡಿಸುತ್ತಾರೆ.

“ನಿಂತ್ಯೇನೇ ಇವತ್ತು?”

“ನಿಂತೆ.”

“ಮಂಡಿ ಬಿಗಿ ಹಿಡ್ದಿರ್ಲಿಲ್ಲ ತಾನೇ?”

“ಇಲ್ರಿ, ಸಡ್ಲ ಬಿಟ್ಟಿದ್ದೆ.”

“ಹಂಗಾದ್ರೆ ನಾಳೇನೂ ನಿಲ್ತೀಯ” ಅನ್ನುತ್ತಾರೆ. ನಾನು ಕೈ ತೊಳೆದು, ಮುದ್ದೆ ಮುರಿದು ಅವರ ಬಾಯಿಗೆ ಇಡುತ್ತೇನೆ. ಆಮೇಲೆ ಮೀಸೆ ಒರೆಸುತ್ತೇನೆ. ಈಗ ಅದರಲ್ಲಿ ಮಣ್ಣು ಇರುವುದಿಲ್ಲ.